ಎಡಗೈ ಹಾಕಿದ ಪಿನ್ನು

ಆರನೆಯ ಕಂತು

“ಏಳು, ಎಂಟು, ಒಂಬತ್ತು...”

ಟಪ್ ಎಂದು ಕ್ಲಚ್ ಪೆಡಲು ಮೇಲಕ್ಕೆ ಚಿಮ್ಮಿ ವಿಮೆ ಕಂಪನಿಯ ಸರ್ವೇಯರಮ್ಮನ ಮೂಗಿನ ತುದಿ ಸವರಿಕೊಂಡು ಹೋಯಿತು. ಅವಳು ಕಾರಿನ ಪೆಡಲುಗಳ ಸಂದಿಯಲ್ಲಿ ತಲೆ ತೂರಿಸಿ ಅಂಗಾತ ಮಲಗಿದ್ದಳು. ಕಾಲೆರಡೂ ಬಾಗಿಲಿನ ಹೊರಗಿದ್ದವು. ಸೀಟಿನ ಅಂಚು ಬೆನ್ನಿಗೆ ಒತ್ತುತ್ತಿತ್ತು.

ಇನ್ನೊಮ್ಮೆ ಕೈಯಿಂದಲೇ ಪೆಡಲನ್ನು ಒತ್ತಿದಳು. ಕಿರ್ರ್ ಎಂದು ಅರಚಿಕೊಂಡು ಕೆಳಗೆ ಹೋಯಿತು, ಅಲ್ಲೇ ಕಚ್ಚಿಕೊಂಡು ಕೂತಿತು. ಒಂಬತ್ತು ಎಣಿಸುವಷ್ಟರಲ್ಲಿ ಮತ್ತೆ ಟಪ್ಪೆಂದು ಎದ್ದಿತು.

“ನೋಡಿದ್ರಲ್ಲ,” ಎಂದ ಇನ್‌ಸ್ಪೆಕ್ಟರ್ ಹೊರಗಿನಿಂದ. ಅವಳಿಗೆ ಕಾಣುತ್ತಿದ್ದದ್ದು ಅವನ ಬೂಟುಗಳು ಮಾತ್ರ. “ನಾನು ಬೆಳಿಗ್ಗೆಯಿಂದ ಹೇಳ್ತಿರೋದೂ ಇದನ್ನೇ. ನಾಲ್ಕು ಗಂಟೆಗೆ ಕೋರ್ಟಿಗೆ ಕಾಗದ ಹೋಗ್ಬೇಕು. ಈಗ ಮೂರೂ ಕಾಲು.”

ನಿನ್ನೆ ಬೆಳಿಗ್ಗೆ ಏಳು ಗಂಟೆಗೆ ಇದೇ ಕಾರು ಡ್ರೈವಿಂಗ್ ಶಾಲೆಯ ಅಂಗಳದಲ್ಲಿ ಮುಂದಕ್ಕೆ ನೆಗೆದು, ಎದುರಿಗೆ ನಿಂತಿದ್ದ ಮಾಸ್ಟರನ್ನು ಗೋಡೆಗೆ ಅಮುಕಿ ಕೊಂದಿತ್ತು. ಹಿಂದಿನ ಸಂಜೆ ಕಿರುಗುಟ್ಟುವ ಕ್ಲಚ್ ಪೆಡಲನ್ನು ಸರಿಮಾಡಿ ಕೊಟ್ಟಿದ್ದ ಗ್ಯಾರೇಜಿನ ಮೇಸ್ತ್ರಿ ಇವತ್ತು ಬೆಳಿಗ್ಗೆಯಿಂದ ಪೊಲೀಸರ ವಶದಲ್ಲಿದ್ದ.

ಪೊಲೀಸರ ಲೆಕ್ಕ ಬಹಳ ಸಲೀಸು. ಮಾಸ್ಟರು ಕಾರನ್ನು ಚಾಲೂ ಮಾಡಿ, ಗೇರಿಗೆ ಹಾಕಿದ. ಒತ್ತಿದ ಪೆಡಲು ಮೇಲೇಳಲೇ ಇಲ್ಲ. ಇದೇನಪ್ಪ ಎಂದು ಇಳಿದು ಬಾನೆಟ್ ಎತ್ತಲು ಮುಂದೆ ಬಂದ. ಅಷ್ಟರಲ್ಲಿ ಕಚ್ಚಿಕೊಂಡಿದ್ದ ಪೆಡಲು ತಾನಾಗಿ ಚಿಮ್ಮಿತು, ಕಾರು ನೆಗೆಯಿತು. ಪೆಡಲು ಕಚ್ಚಿಕೊಂಡದ್ದು ಯಾರ ತಪ್ಪು? ಅದನ್ನು ಕೊನೆಯದಾಗಿ ಬಿಚ್ಚಿ ಹಾಕಿದವನ ತಪ್ಪು. ಮುಗಿಯಿತು, ಫೈಲು ಕಟ್ಟಿ.

ಸರ್ವೇಯರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತಾರು ವರ್ಷ ವಿಮೆ ಕಂಪನಿಯ ಪರವಾಗಿ ನಜ್ಜುಗುಜ್ಜಾದ ವಾಹನಗಳ ಹೊಟ್ಟೆಯೊಳಗೆ ಕೈ ಹಾಕಿದವಳು ಅವಳು. ಕೈಗೆ ಸಿಕ್ಕ ಬಡಪಾಯಿಯ ಮೇಲೆ ಗೂಬೆ ಕೂರಿಸಿ ದೊಡ್ಡವರು ಕೈ ತೊಳೆದುಕೊಳ್ಳುವುದನ್ನು ಎಷ್ಟು ಸಲ ನೋಡಿದ್ದಳೋ. ಒಂದು ಸಲವೂ ಅದು ಅವಳಿಗೆ ಅಭ್ಯಾಸವಾಗಿರಲಿಲ್ಲ.

ಆದರೆ ಈಗ ಅವಳ ಸಿಟ್ಟು ಅರ್ಧ ಮೇಸ್ತ್ರಿಯ ಮೇಲೂ ತಿರುಗಿತ್ತು. ಅದಕ್ಕೆ ಕಾರಣ ಅವಳ ಕಣ್ಣೆದುರಿಗೇ ಇತ್ತು, ಒಂದು ಗೇಣು ಮೇಲೆ.

ಪೆಡಲಿನ ತೋಳಿಗೂ ಅದು ತಳ್ಳುವ ಕಡ್ಡಿಗೂ ನಡುವೆ ಒಂದು ಪಿನ್ನು. ಪಿನ್ನಿನ ಸುತ್ತ ಉಂಗುರದಷ್ಟು ದೊಡ್ಡದೊಂದು ಪ್ಲಾಸ್ಟಿಕ್ ಬುಷ್ಷು. ಬುಷ್ಷು ಸವೆದರೆ ಪೆಡಲು ಕಿರುಗುಟ್ಟುತ್ತದೆ. ಹೊಸದು ಹಾಕಿ ಗ್ರೀಸು ಸವರಿದರೆ ಬಾಯಿ ಮುಚ್ಚುತ್ತದೆ. ಅಷ್ಟೇ ಕೆಲಸ, ಮುಕ್ಕಾಲು ಗಂಟೆಯದು. ಬೆಳಿಗ್ಗೆ ಗ್ಯಾರೇಜಿನಲ್ಲಿ ಪೊಲೀಸರು ಕರೆದೊಯ್ಯುವ ಮುಂಚೆ ಮೇಸ್ತ್ರಿ ಅವಳಿಗೆ ಎದೆ ತಟ್ಟಿ ಒಂದು ಮಾತು ಹೇಳಿದ್ದ.

“ಅಮ್ಮಾ, ನಾನು ಎಡಚ. ನಮ್ಮಪ್ಪನೂ ಎಡಚ. ಊರಲ್ಲಿರೋ ಮೆಕ್ಯಾನಿಕ್ಕುಗಳೆಲ್ಲ ಪಿನ್ನನ್ನ ಎಡಗಡೆಯಿಂದ ತೂರಿಸ್ತಾರೆ, ನಾನೊಬ್ಬನೇ ಬಲಗಡೆಯಿಂದ. ನೀವು ಹೋಗಿ ನೋಡಿ. ಪಿನ್ನಿನ ತಲೆ ಎಡಕ್ಕಿದ್ರೆ, ನನ್ನ ಕೆಲಸದ ಮೇಲೆ ಯಾರೋ ಕೈ ಆಡಿಸಿದ್ದಾರೆ ಅಂತಲೇ ಅರ್ಥ.”

ಅವಳು ಆ ಮಾತನ್ನು ನಂಬಿಕೊಂಡೇ ಇಲ್ಲಿಯ ಧೂಳಿನಲ್ಲಿ ಮಲಗಿದ್ದಳು. ಪಿನ್ನಿನ ತಲೆ ಬಲಕ್ಕೇ ಇತ್ತು.

ಅಂದರೆ ಯಾರೂ ಕೈ ಆಡಿಸಿಲ್ಲ. ಕಚ್ಚಿಕೊಳ್ಳುವ ಪೆಡಲು ಮೇಸ್ತ್ರಿಯದೇ ಕೈಗುಣ. ಇದನ್ನು ಇನ್‌ಸ್ಪೆಕ್ಟರ್‌ಗೆ ಹೇಳಿದರೆ ನಾಲ್ಕು ಗಂಟೆಯವರೆಗೂ ಕಾಯಬೇಕಿಲ್ಲ. ಅವಳು ತುಟಿ ಕಚ್ಚಿಕೊಂಡು ಸುಮ್ಮನಿದ್ದಳು. ಸುಮ್ಮನಿರಬೇಕಾಯಿತಲ್ಲ ಎಂದು ಇನ್ನೂ ಸಿಟ್ಟು ಬಂತು.

ಮತ್ತೆ ಪೆಡಲನ್ನು ಒತ್ತಿದಳು. ಕಿರ್ರ್.

ಕೈ ಅಲ್ಲೇ ನಿಂತಿತು. ಅಲ್ಲ, ಇದು ಕಿರುಗುಟ್ಟುವುದೇಕೆ?

ಮೇಸ್ತ್ರಿ ಕೆಲಸ ಕೆಡಿಸಿದ್ದರೆ ಬುಷ್ಷು ಬಿಗಿಯಾಗಿ ಪೆಡಲು ಕಚ್ಚಿಕೊಳ್ಳಬಹುದು, ಒಪ್ಪೋಣ. ಆದರೆ ಗ್ರೀಸು ಮೆತ್ತಿದ ಹೊಸ ಬುಷ್ಷು ರಾತ್ರಿ ಕಳೆಯುವುದರೊಳಗೆ ಹಳೇ ಬಾಗಿಲಿನ ಹಾಗೆ ಅರಚುವುದು ಅವಳ ಸರ್ವೀಸಿನಲ್ಲೇ ಇರಲಿಲ್ಲ. ಬೆರಳು ಹಾಕಿ ತೋಳಿನ ಸಂದಿಯನ್ನು ಸವರಿ ನೋಡಿದಳು. ಗ್ರೀಸಿನ ಪಸೆ ಎಳ್ಳಷ್ಟೂ ಇಲ್ಲ, ಬೆರಳಿಗೆ ಹತ್ತಿದ್ದು ಒಣ ಕಪ್ಪು ಪುಡಿ.

ಅವಳು ಹೊರಗೆ ಬಂದು ಸೊಂಟ ಹಿಡಿದುಕೊಂಡು ನೆಟ್ಟಗಾದಳು. ಡ್ರೈವಿಂಗ್ ಶಾಲೆಯ ಶೆಡ್ಡಿನಲ್ಲಿ ನಾಲ್ವರಿದ್ದರು. ಬೆಂಚಿನ ಮೇಲೆ ಮೇಸ್ತ್ರಿ, ಅರವತ್ತರ ಮುದುಕ, ಉಗುರಿನ ಸಂದಿಯಲ್ಲಿ ಜೀವಮಾನದ ಮಸಿ. ಪಕ್ಕದಲ್ಲಿ ಅವನ ರಕ್ತದೊತ್ತಡದ ಮಾತ್ರೆ ಹಿಡಿದುಕೊಂಡು ಬಂದಿದ್ದ ಹೆಂಡತಿ. ಗಡಿಯಾರ ನೋಡುತ್ತಿದ್ದ ಇನ್‌ಸ್ಪೆಕ್ಟರ್. ಮತ್ತೆ, ಮಡಚಿದ ಕರವಸ್ತ್ರದಿಂದ ಹಣೆ ಒತ್ತಿಕೊಳ್ಳುತ್ತಿದ್ದ ಡ್ರೈವಿಂಗ್ ಶಾಲೆಯ ಮಾಲೀಕ. ಎರಡು ಕಾರು, ಒಂದು ತಗಡಿನ ಶೆಡ್ಡು ಇಟ್ಟುಕೊಂಡು ಎಲ್ಲರಿಂದಲೂ ‘ಪ್ರಿನ್ಸಿಪಾಲ್’ ಎಂದು ಕರೆಸಿಕೊಳ್ಳುವ ಮನುಷ್ಯ. ಮೇಜಿನ ಮೇಲೆ ಹಾಗೆಂದು ಹಲಗೆಯನ್ನೂ ಬರೆಸಿಟ್ಟಿದ್ದ.

“ಪ್ರಿನ್ಸಿಪಾಲರೇ,” ಎಂದಳು ಸರ್ವೇಯರಮ್ಮ, “ಮೊನ್ನೆ ಸಂಜೆ ಗ್ಯಾರೇಜಿನಿಂದ ಕಾರು ತಂದೋರು ಯಾರು?”

ಮಾಸ್ಟರೇ ತಂದ ಎಂದ ಪ್ರಿನ್ಸಿಪಾಲ್. ಆರು ಗಂಟೆಗೆ ಶೆಡ್ಡಿಗೆ ಸೇರಿಸಿ, ಕೀಲಿಯನ್ನು ಪ್ರಿನ್ಸಿಪಾಲನ ಕೋಣೆಯ ಮೊಳೆಗೆ ನೇತುಹಾಕಿ ಮನೆಗೆ ಹೋದ. ಬೆಳಿಗ್ಗೆ ಅವನೇ ಬಂದು ಕೀಲಿ ತೆಗೆದುಕೊಂಡ. ನಡುವೆ ಕಾರನ್ನು ಯಾರೂ ಮುಟ್ಟಿಲ್ಲ. ಶೆಡ್ಡಿನ ಬೀಗದ ಕೈ ತನ್ನ ಹತ್ತಿರವೇ ಇರುತ್ತದೆ. ಇಷ್ಟನ್ನೂ ಅವನು ಬೆಣ್ಣೆ ಸವರಿದ ದನಿಯಲ್ಲಿ ಹೇಳಿ, ಮುದುಕನ ಕಡೆ ಒಮ್ಮೆ ಕರುಣೆಯಿಂದ ನೋಡಿದ.

“ಪಾಪ, ವಯಸ್ಸಾಯ್ತು. ಕಣ್ಣು ಮಂಜು, ಕೈ ನಡುಕ. ಹೊಸ ಬುಷ್ಷು ಹಾಕಿದೀನಿ ಅಂತಾನೆ, ಹಳೇದಕ್ಕೇ ಎರಡು ಪೆಟ್ಟು ಕೊಟ್ಟು ಬಿಟ್ಟಿರ್ತಾನೆ. ಅದೇ ಕಚ್ಚಿಕೊಂಡಿದೆ.”

“ನನ್ನ ಕೈ ನಡುಗಲ್ಲ,” ಎಂದ ಮೇಸ್ತ್ರಿ. ಎಡಗೈಯನ್ನು ಗಾಳಿಯಲ್ಲಿ ಚಾಚಿ ಹಿಡಿದ. ಅದು ಹೊಡೆದ ಮೊಳೆಯಂತೆ ನಿಂತಿತ್ತು. ಅವನ ಕಣ್ಣಲ್ಲಿ ಮಾತ್ರ ನೀರಿತ್ತು.

ಸರ್ವೇಯರಮ್ಮನಿಗೆ ಪ್ರಿನ್ಸಿಪಾಲನ ಕರುಣೆಯೇ ಹೆಚ್ಚು ಅಸಹ್ಯವಾಯಿತು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು.

ಅವಳು ಬ್ಯಾಗಿನಿಂದ ಒಂದು ಕಾಗದ ತೆಗೆದಳು. ನಿನ್ನೆ ಬೆಳಿಗ್ಗೆ ಎಂಟೂವರೆಗೆ, ಇನ್ನೂ ಹೆಣ ಸಾಗಿಸುವ ಮುಂಚೆ, ಪ್ರಿನ್ಸಿಪಾಲನೇ ಟೈಪು ಮಾಡಿ ಸಹಿ ಹಾಕಿ ಕೊಟ್ಟ ಹೇಳಿಕೆ. ಅದರಲ್ಲಿ ಒಂದು ಸಾಲನ್ನು ಉಗುರಿನಿಂದ ಗೀರಿದಳು.

“‘ಬುಷ್ಷು ಕಚ್ಚಿಕೊಂಡಿದ್ದರಿಂದ’ ಅಂತ ಬರ್ದಿದೀರಿ. ಪೆಡಲು ಕಚ್ಚಿಕೊಂಡಿದೆ ಅಂತ ಯಾರು ಬೇಕಾದ್ರೂ ಬರೀಬಹುದು. ಕಡ್ಡಿ ಬಾಗಿರಬಹುದು, ಸ್ಪ್ರಿಂಗು ಮುರಿದಿರಬಹುದು, ಕೇಬಲ್ಲು ಹರಿದಿರಬಹುದು. ಬುಷ್ಷೇ ಅಂತ ನಿಮಗೆ ಹೇಗೆ ಗೊತ್ತಾಯ್ತು? ಆಗಿನ್ನೂ ಯಾರೂ ಒಳಗೆ ಟಾರ್ಚು ಕೂಡ ಬಿಟ್ಟಿರಲಿಲ್ಲ.”

ಕರವಸ್ತ್ರ ಹಣೆಯ ಮೇಲೆ ಒಂದು ಕ್ಷಣ ನಿಂತಿತು. ಈ ವೃತ್ತಿಯಲ್ಲಿ ಹದಿನೈದು ವರ್ಷ ಇದ್ದವನಿಗೆ ಅಷ್ಟೂ ಗೊತ್ತಾಗುವುದಿಲ್ಲವೇ ಎಂದ ಪ್ರಿನ್ಸಿಪಾಲ್. ಕಿರುಗುಟ್ಟುತ್ತಿತ್ತು, ಬುಷ್ಷಿಗೆಂದು ಕೊಟ್ಟಿದ್ದೆವು, ಅದೇ ಹೋಗಿರಬೇಕು ಅಂತ ಊಹೆ.

“ಊಹೆನಾ,” ಎಂದಳು. “ಸರಿ, ಇನ್ನೊಂದು ಊಹೆ ಮಾಡಿ. ಮಾಸ್ಟರು ಇಳಿಯುವಾಗ ಹ್ಯಾಂಡ್‌ಬ್ರೇಕ್ ಯಾಕೆ ಎಳೆದಿರಲಿಲ್ಲ?”

ಮನುಷ್ಯನೆಂದ ಮೇಲೆ ಮರೆವು ಇರುತ್ತದೆ ಎಂದ ಅವನು.

ಸರ್ವೇಯರಮ್ಮನ ಸಿಟ್ಟು ನೆತ್ತಿಗೇರಿತು. ಮಾಸ್ಟರ ಬಳಿ ಕಲಿತವರನ್ನು ಅವಳು ನಿನ್ನೆಯೆಲ್ಲ ಹುಡುಕಿ ಮಾತಾಡಿಸಿದ್ದಳು. ದರ್ಜಿ, ನರ್ಸು, ಪೋಸ್ಟ್‌ಮನ್ನು, ಗಣಿತದ ಟೀಚರು, ಎಲ್ಲರೂ ಹೇಳಿದ್ದು ಒಂದೇ. ಹ್ಯಾಂಡ್‌ಬ್ರೇಕ್ ಎಳೆಯದೆ ಬಾಗಿಲಿನ ಹಿಡಿಗೆ ಕೈ ಹಾಕಿದರೆ ಆ ಮನುಷ್ಯ ಬೆರಳಿನ ಗಣ್ಣಿಗೆ ಪೆನ್ನಿನಿಂದ ಕುಟ್ಟುತ್ತಿದ್ದ. ನರ್ಸಮ್ಮ ಮೊಮ್ಮಗು ಬಂದ ಮೇಲೂ ಹ್ಯಾಂಡ್‌ಬ್ರೇಕ್ ಎಳೆಯುವಾಗ ಗಣ್ಣು ಉಜ್ಜಿಕೊಳ್ಳುತ್ತಾಳಂತೆ.

“ಸಾವಿರಾರು ಜನಕ್ಕೆ ಗಣ್ಣು ಕುಟ್ಟಿ ಕಲಿಸಿದ ಮನುಷ್ಯ ತಾನು ಮರೆತನಾ? ಸತ್ತವನು ಎದ್ದು ಬಂದು ಮಾತಾಡಲ್ಲ ಅಂತ ಅವನ ತಲೆಗೂ ಕಟ್ತೀರಾ? ನಾಚಿಕೆ ಆಗಲ್ವಾ ನಿಮಗೆ?”

“ಮೇಡಂ,” ಎಂದ ಇನ್‌ಸ್ಪೆಕ್ಟರ್, “ಮೂರೂವರೆ.”

ಸತ್ತವನ ಅಂಗಿ ಜೇಬಿನಲ್ಲಿ ಸಿಕ್ಕ ಅರ್ಧ ಬರೆದ ದೂರನ್ನು ಅವನೂ ಓದಿದ್ದ. ಸ್ಟಿಯರಿಂಗೇ ಹಿಡಿಯದವರಿಗೆಲ್ಲ ಈ ಶಾಲೆಯಲ್ಲಿ ‘ಕಲಿತಿದ್ದಾರೆ’ ಎಂದು ಸರ್ಟಿಫಿಕೇಟು ಕೊಡುತ್ತಾರೆ, ನಾನು ಇನ್ನು ಸುಮ್ಮನಿರಲಾರೆ ಎಂಬಲ್ಲಿಗೆ ಅದು ನಿಂತಿತ್ತು. ದೂರು ದೂರಿನ ಜಾಗದಲ್ಲಿ, ಪೆಡಲು ಪೆಡಲಿನ ಜಾಗದಲ್ಲಿ ಎಂದಿದ್ದ ಇನ್‌ಸ್ಪೆಕ್ಟರ್. ಕೆಟ್ಟವನೇನಲ್ಲ. ಕೈಯಲ್ಲಿ ಹಿಡಿದು ತೋರಿಸದ ಹೊರತು ಏನನ್ನೂ ನಂಬದ ಜಾತಿ.

ಸರಿ, ಕೈಯಲ್ಲೇ ಹಿಡಿದು ತೋರಿಸೋಣ ಎಂದುಕೊಂಡಳು ಅವಳು. ಮೇಸ್ತ್ರಿಯ ಕಡೆ ತಿರುಗಿ, ಬಿಚ್ಚಿದ ಹಳೇ ಬುಷ್ಷನ್ನು ಏನು ಮಾಡಿದೆ ಎಂದು ಕೇಳಿದಳು.

ಅವನು ಯಾವಾಗಲೂ ಮಾಡುವುದನ್ನೇ ಮಾಡಿದ್ದ. ಹಳೇ ಸಾಮಾನನ್ನು ಗಿರಾಕಿಗೇ ವಾಪಸು ಕೊಡುವುದು ಅವನ ಗ್ಯಾರೇಜಿನ ರೂಢಿ. ಆದರೆ ಕೊಡುವ ಮುಂಚೆ ಪ್ರತಿಯೊಂದಕ್ಕೂ ಗರಗಸ ಹಾಕಿ ಒಂದು ಕಚ್ಚು ಮಾಡುತ್ತಿದ್ದ. ಬೆಳಿಗ್ಗೆ ಅವಳೇ ನೋಡಿದ್ದಳು, ಗ್ಯಾರೇಜಿನ ಮೂಲೆಯ ಡಬ್ಬದಲ್ಲಿ ಗಿರಾಕಿಗಳು ಬಿಟ್ಟುಹೋದ ಬೇರಿಂಗು, ಬೆಲ್ಟು, ರಬ್ಬರು ಎಲ್ಲಕ್ಕೂ ಕಚ್ಚು. ಯಾಕೆ ಎಂದು ಕೇಳಿದ್ದಕ್ಕೆ, ತೊಳೆದು ಹೊಸದು ಅಂತ ಯಾರೂ ಮಾರಬಾರದಲ್ಲಮ್ಮ ಎಂದಿದ್ದ. ಆ ಮಾತಿಗೆ ಅವನ ಹೆಂಡತಿ ಯಾಕೋ ಮುಖ ತಿರುಗಿಸಿ ಒಳಗೆ ಹೋಗಿದ್ದಳು.

“ಕಚ್ಚು ಮಾಡಿ ಪೊಟ್ಟಣ ಕಟ್ಟಿ ಮಾಸ್ಟರ ಕೈಗೇ ಕೊಟ್ಟೆ,” ಎಂದ ಮೇಸ್ತ್ರಿ. “ಡ್ಯಾಶಿನ ಡಬ್ಬೀಲಿ ಹಾಕ್ಕೊಂಡ್ರು.”

ಡ್ಯಾಶಿನ ಡಬ್ಬಿಯಲ್ಲಿ ಪಾಠದ ಕಾರ್ಡುಗಳು, ಒಂದು ಟವೆಲು, ಕೆಂಪು ಪೆನ್ನು ಇದ್ದವು. ಪೊಟ್ಟಣ ಇರಲಿಲ್ಲ. ಪ್ರಿನ್ಸಿಪಾಲ್ ಅಂಥದ್ದನ್ನು ತಾನು ನೋಡೇ ಇಲ್ಲ ಎಂದ.

ಸರ್ವೇಯರಮ್ಮ ಇಕ್ಕಳ ಹಿಡಿದು ಮತ್ತೆ ಪೆಡಲುಗಳ ಕೆಳಗೆ ನುಗ್ಗಿದಳು. ಈ ಸಲ ಇನ್‌ಸ್ಪೆಕ್ಟರನ್ನೂ ಬಾಗಿಲ ಬಳಿ ಮಂಡಿಯೂರಿಸಿ, ಟಾರ್ಚು ಕೊಟ್ಟು ಕೂರಿಸಿದಳು. ನಾನು ಮುಟ್ಟುವುದನ್ನೆಲ್ಲ ನೀವೇ ನೋಡಿ, ಆಮೇಲೆ ಸರ್ವೇಯರ್ ಮ್ಯಾಜಿಕ್ ಮಾಡಿದಳು ಅನ್ನಬೇಡಿ ಎಂದಳು.

ಪಿನ್ನು ಜಾರದಂತೆ ಹಾಕಿದ ಸಣ್ಣ ತಂತಿಯ ಕಾಲುಗಳನ್ನು ನೆಟ್ಟಗೆ ಮಾಡಿ ಎಳೆದಳು. ಪಿನ್ನಿಗೆ ಬಲಗೈ ಚಾಚಿದರೆ ಎಟುಕಲಿಲ್ಲ. ತಲೆ ಆ ಕಡೆಗಿತ್ತು. ಎಡಗೈಯಲ್ಲಿ ಹಿಡಿದು ಒದ್ದಾಡಿ ಹೊರಗೆ ತೆಗೆದಳು. ಬುಷ್ಷು ತಾನಾಗಿ ಅವಳ ಅಂಗೈಗೆ ಬಿತ್ತು.

ಕಪ್ಪಗೆ ಸವೆದ ಬುಷ್ಷು. ಒಂದು ಕಡೆ ಅಂಚಿನಿಂದ ಅಂಚಿಗೆ ಸೀಳು. ಸೀಳಿನ ತುದಿಗಳು ಹೊರಕ್ಕೆ ಸೆಟೆದುಕೊಂಡಿದ್ದವು, ಅವೇ ಪಿನ್ನನ್ನು ಕಚ್ಚುತ್ತಿದ್ದದ್ದು.

“ಬುಷ್ಷಿನಲ್ಲಿ ಸೀಳು ಇದ್ದೇ ಇರುತ್ತೆ,” ಎಂದ ಪ್ರಿನ್ಸಿಪಾಲ್ ತಕ್ಷಣ. “ಒಳಗೆ ಕೂರಿಸೋಕೆ ಅನುಕೂಲ ಆಗ್ಲಿ ಅಂತ ಕಂಪನಿಯೋರೇ ಬಿಟ್ಟಿರ್ತಾರೆ.”

“ಕೆಲವಕ್ಕೆ ಇರುತ್ತೆ,” ಎಂದಳು ಸರ್ವೇಯರಮ್ಮ. ಬ್ಯಾಗಿನಿಂದ ಸೀಲು ಒಡೆಯದ ಪೊಟ್ಟಣ ತೆಗೆದು ಇನ್‌ಸ್ಪೆಕ್ಟರ್ ಕೈಗೆ ಕೊಟ್ಟಳು. ಇದೇ ಕಾರಿನ, ಇದೇ ಪೆಡಲಿನ ಹೊಸ ಬುಷ್ಷು. ಅವನು ಹರಿದು ನೋಡಿದ. ಇಡೀ ಉಂಗುರ, ಎಲ್ಲೂ ಸೀಳಿಲ್ಲ. ಆಮೇಲೆ ಅವಳು ಹಳೆಯದನ್ನು ಟಾರ್ಚಿನ ಬೆಳಕಿಗೆ ಹಿಡಿದು, ಸೀಳಿನ ಗೋಡೆಯ ಮೇಲೆ ಗರಗಸದ ಹಲ್ಲು ಎಳೆದ ಗೀರುಗಳನ್ನು ತೋರಿಸಿದಳು.

ಇನ್‌ಸ್ಪೆಕ್ಟರ್ ಬಹಳ ಹೊತ್ತು ನೋಡಿದ. ಅವನು ದಡ್ಡನಾಗಿರಲಿಲ್ಲ. ಗರಗಸ ಹಾಕಬೇಕಾದರೆ ಬುಷ್ಷು ಮೇಸ್ತ್ರಿಯ ಕೈಯಲ್ಲಿ ಕಾರಿನಿಂದ ಹೊರಗೆ ಬಂದಿರಲೇಬೇಕು. ಹೊರಗೆ ಬಂದದ್ದು ಪೊಟ್ಟಣ ಸೇರಿತ್ತು. ಪೊಟ್ಟಣದಿಂದ ಮತ್ತೆ ಪೆಡಲಿಗೆ ಬಂದಿದೆಯೆಂದರೆ, ಯಾರೋ ಹೊಸದನ್ನು ಕಿತ್ತು ಹಳೇದನ್ನು ಕೂರಿಸಿದ್ದಾರೆ. ಮುದುಕ ಬುಷ್ಷನ್ನೇ ಬದಲಾಯಿಸಿಲ್ಲ ಎಂದು ತೋರಿಸಲು ಹಳೇದನ್ನು ಹಾಕಿದರು. ಗರಗಸದ ಕಚ್ಚನ್ನು ಕಂಪನಿಯ ಸೀಳು ಅಂದುಕೊಂಡು ಮೋಸಹೋದರು.

“ಆರು ಗಂಟೆಯಿಂದ ಬೆಳಗಿನವರೆಗೆ ಯಾರೂ ಮುಟ್ಟಿಲ್ಲ ಅಂದ್ರಿ,” ಎಂದ ಇನ್‌ಸ್ಪೆಕ್ಟರ್ ಪ್ರಿನ್ಸಿಪಾಲನಿಗೆ. ದನಿ ಬದಲಾಗಿತ್ತು. “ಬೀಗದ ಕೈ ನಿಮ್ಮ ಹತ್ರಾನೇ ಇತ್ತು ಅಂದ್ರಿ.”

ಕೋರ್ಟಿನ ಕಾಗದವನ್ನು ಅವನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ. ಪ್ರಿನ್ಸಿಪಾಲನ ಕರವಸ್ತ್ರ ಕೆಳಗೆ ಬಿತ್ತು, ಅದನ್ನು ಎತ್ತಿಕೊಳ್ಳಲು ಅವನಿಗೆ ತೋಚಲಿಲ್ಲ. ಸರ್ವೇಯರಮ್ಮನಿಗೆ ಅಳು ಬರುವಷ್ಟು ಸಂತೋಷವಾಯಿತು, ಆದರೆ ಸಿಟ್ಟಿನ ಮುಖವನ್ನೇ ಇಟ್ಟುಕೊಂಡಿದ್ದಳು.

ಮೇಸ್ತ್ರಿ ಬೆಂಚಿನಿಂದ ಎದ್ದು ಬಂದ. ಮೂವತ್ತೈದು ವರ್ಷದ ಮರ್ಯಾದೆ ವಾಪಸು ಬಂದ ಮನುಷ್ಯ, ನಡಿಗೆಯೇ ಬೇರೆಯಾಗಿತ್ತು.

“ಪಿನ್ನು ಯಾವ ಕಡೆಗಿತ್ತಮ್ಮ?” ಎಂದು ಕೇಳಿದ. “ನಾನು ಹೇಳಿದ ಹಾಗೆ ತಲೆ ಎಡಕ್ಕೆ ತಾನೇ?”

ಅವಳು ಆ ಗೊಡವೆಯನ್ನು ಮರೆತೇಬಿಟ್ಟಿದ್ದಳು. ನಿಜ ಹೇಳಿದಳು.

“ಬಲಕ್ಕೆ.”

ಮೇಸ್ತ್ರಿಯ ಕಾಲು ಅಲ್ಲೇ ನಿಂತಿತು. ಅವನು ಅವಳ ಕೈಯಿಂದ ಪಿನ್ನನ್ನು ತೆಗೆದುಕೊಂಡ. ನೆಟ್ಟಗೆ ಮಾಡಿದ ತಂತಿಯನ್ನೂ ತೆಗೆದುಕೊಂಡು, ಅದರ ಕಾಲು ಯಾವ ಕಡೆ ಬಾಗಿತ್ತು ಎಂದು ಹೆಬ್ಬೆರಳಿನಿಂದ ಸವರಿ ನೋಡಿದ. ಹೆಂಡತಿಯ ಕಡೆ ಒಮ್ಮೆ ನೋಡಿ, ಇನ್‌ಸ್ಪೆಕ್ಟರ್ ಎದುರಿಗೆ ಹೋಗಿ ಎರಡೂ ಕೈ ಮುಂದೆ ಚಾಚಿದ.

“ನಾನೇ ಹಾಕಿದ್ದು ಸ್ವಾಮಿ. ಹಳೇದನ್ನೇ ನಾನೇ ಹಾಕಿದ್ದು. ಕರ್ಕೊಂಡು ಹೋಗಿ.”

ಪ್ರಿನ್ಸಿಪಾಲ್ ನಿಧಾನವಾಗಿ ಬಗ್ಗಿ ಕರವಸ್ತ್ರ ಎತ್ತಿಕೊಂಡ. ಹೋದ ಜೀವ ಬಂದಂತಾಗಿತ್ತು ಅವನಿಗೆ.

“ಏನ್ ಮಾತಾಡ್ತಿದೀಯ ನೀನು?” ಸರ್ವೇಯರಮ್ಮ ಕೆಂಡಾಮಂಡಲವಾದಳು. “ಕಚ್ಚು ಮಾಡಿದ ಸಾಮಾನನ್ನ ವಾಪಸ್ ಹಾಕೋ ಬದಲು ನೀನು ಕೈ ಕತ್ತರಿಸ್ಕೋತೀಯ. ಬೆಳಿಗ್ಗೆಯಿಂದ ನಿನಗೋಸ್ಕರ ನಾನು ನೆಲದಲ್ಲಿ ಉರುಳಾಡಿ, ನಿನ್ನ ಮಾನ ಉಳಿಸಿದ್ರೆ, ಈಗ ನನ್ನ ಮುಖದ ಮೇಲೇ ಸುಳ್ಳು ಹೇಳ್ತೀಯಾ?”

ಅವನು ತಲೆ ಎತ್ತಲಿಲ್ಲ. ಇನ್‌ಸ್ಪೆಕ್ಟರ್ ಮಡಚಿದ ಕಾಗದವನ್ನು ಜೇಬಿನಿಂದ ಮತ್ತೆ ಹೊರಗೆ ತೆಗೆದ. ಒಪ್ಪಿಕೊಂಡವನನ್ನು ಬಿಟ್ಟು ಹೋಗಲು ತನಗೆ ಬರುವುದಿಲ್ಲ ಎಂದ. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಸರ್ವೇಯರಮ್ಮ ಕಣ್ಣು ಮುಚ್ಚಿಕೊಂಡು ಎಣಿಸಿದಳು. ಸಿಟ್ಟು ಇಳಿಯಲು ಅಲ್ಲ, ಯೋಚಿಸಲು. ಪಿನ್ನನ್ನು ಬಲಗಡೆಯಿಂದ ತೂರಿಸುವ ಕೈ ಊರಿನಲ್ಲಿ ಒಂದೇ. ಆ ಕೈ ಕಚ್ಚಿನ ಬುಷ್ಷು ಹಾಕುವುದಿಲ್ಲ. ಹಾಗಾದರೆ ಅದೇ ಮನೆಯಲ್ಲಿ, ಅದೇ ಎಡಚ ಅಪ್ಪನ ಹತ್ತಿರ ಪಿನ್ನು ಹಾಕಲು ಕಲಿತ, ಆದರೆ ಕಚ್ಚಿನ ವಿಷಯವೇ ಗೊತ್ತಿಲ್ಲದ ಇನ್ನೊಂದು ಕೈ ಇರಬೇಕು.

ಗ್ಯಾರೇಜಿನ ಬಾಗಿಲ ಮೇಲಿನ ಹಲಗೆ ನೆನಪಿಗೆ ಬಂತು. ‘ಅಣ್ಣ’ ಎಂದಿತ್ತು, ಆಮೇಲೆ ಸುಣ್ಣ ಬಳಿದ ಒಂದು ಮೊಳ ಜಾಗ, ಆಮೇಲೆ ‘ಗ್ಯಾರೇಜು’. ಬೆಳಿಗ್ಗೆ ನೋಡಿ, ಪೇಂಟು ಉದುರಿರಬೇಕು ಎಂದುಕೊಂಡಿದ್ದಳು. ಉದುರಿದ್ದಲ್ಲ, ಯಾರೋ ‘ತಮ್ಮ’ ಎಂಬುದನ್ನು ಅಳಿಸಿದ್ದರು.

“ಮೇಸ್ತ್ರಿ, ಹಳೇ ಸಾಮಾನಿಗೆ ಕಚ್ಚು ಮಾಡೋಕೆ ಶುರು ಮಾಡಿದ್ದು ಯಾವಾಗ?”

ಉತ್ತರ ಕೊಟ್ಟದ್ದು ಅವನ ಹೆಂಡತಿ.

“ಹನ್ನೊಂದು ವರ್ಷ ಆಯ್ತು. ಮೈದುನನ್ನ ಗ್ಯಾರೇಜಿನಿಂದ ಹೊರಗೆ ಹಾಕಿದ ಮಾರನೇ ದಿನದಿಂದ. ಹಳೇ ಸಾಮಾನು ತೊಳೆದು ಹೊಸದು ಅಂತ ಮಾರ್ತಿದ್ದ, ಅದಕ್ಕೇ ಹಾಕಿದ್ದು.”

“ಸುಮ್ನಿರು,” ಎಂದ ಮೇಸ್ತ್ರಿ. ದನಿಯಲ್ಲಿ ಗದರಿಕೆಗಿಂತ ಬೇಡಿಕೆ ಹೆಚ್ಚಿತ್ತು. “ನಾನು ಎತ್ತಿ ಆಡಿಸಿದ ಹುಡುಗ ಕಣೇ ಅವನು.”

“ಅವನನ್ನ ಎತ್ತಿ ಆಡಿಸಿದ್ದಕ್ಕೆ ನೀವು ಜೈಲಿಗೆ ಹೋಗ್ಬೇಕಾ?” ಎಂದಳು ಅವಳು. ಬೆಳಿಗ್ಗೆಯಿಂದ ಪಿಟ್ಟೆನ್ನದ ಹೆಂಗಸು ಮಾತ್ರೆಯ ಪಟ್ಟಿಯನ್ನು ಬೆಂಚಿನ ಮೇಲಿಟ್ಟಳು. ಅವಳು ಗಂಡನನ್ನು ಬಿಟ್ಟು ಸರ್ವೇಯರಮ್ಮನ ಕಡೆ ತಿರುಗಿದಳು.

“ಮೊನ್ನೆ ಮಧ್ಯಾಹ್ನ ಮನೆಗೆ ಬಂದಿದ್ದ. ಹನ್ನೊಂದು ವರ್ಷದ ಮೇಲೆ. ಇವರಿಗೆ ನಾನು ಹೇಳಲಿಲ್ಲ. ಅತ್ತಿಗೆ, ಇನ್ಮೇಲೆ ನಾನೂ ಮರ್ಯಾದಸ್ಥ ಆಗ್ತೀನಿ, ಕೆಲಸ ಸಿಕ್ಕಿದೆ ಅಂದ. ಏನು ಕೆಲಸ ಅಂತ ಕೇಳಿದೆ.”

ಅವಳು ಪ್ರಿನ್ಸಿಪಾಲನನ್ನು ನೇರವಾಗಿ ನೋಡಿದಳು.

“ಈ ಶಾಲೇಲಿ ಮಾಸ್ಟರ್ ಕೆಲಸ ಅಂದ. ನಾಳೆಯಿಂದ ಖಾಲಿ ಆಗುತ್ತಂತೆ, ಪ್ರಿನ್ಸಿಪಾಲರೇ ಮಾತು ಕೊಟ್ಟಿದ್ದಾರೆ ಅಂದ.”

ಮೊನ್ನೆ ಮಧ್ಯಾಹ್ನ ಮಾಸ್ಟರು ಇದೇ ಅಂಗಳದಲ್ಲಿ, ಇದೇ ಕಾರಿನಲ್ಲಿ ಕೂತು, ಯಾರದೋ ಗಣ್ಣಿಗೆ ಪೆನ್ನಿನಿಂದ ಕುಟ್ಟುತ್ತಿದ್ದ.